ಸರ್ವರಿನಲ್ಲಿ ಮಾತ್ರ ಹಸಿರು

ಮಾರೇನಹಳ್ಳಿಯ ಒಂದು ಲ್ಯಾಬಿನಿಂದ ದೂರು ಬಂದಾಗ ನನಗೆ ಮೊದಲು ಅನುಮಾನ ಬಂದದ್ದು ಪಕ್ಕದಲ್ಲಿ ಕೂರುವ ಹುಡುಗಿಯ ಮೇಲೆ. ಪರೀಕ್ಷೆಯ ವರದಿಗಳನ್ನು ರೋಗಿಗಳ ಮೊಬೈಲಿಗೆ ಕಳಿಸುವ ಸಾಫ್ಟ್‌ವೇರನ್ನು ಆ ಲ್ಯಾಬಿಗೆ ಮಾಡಿಕೊಟ್ಟದ್ದು ರಾಜಾಜಿನಗರದ ನಮ್ಮ ಸಣ್ಣ ಕಚೇರಿ. ಅದರ ಟೆಸ್ಟಿಂಗ್ ನನ್ನ ಕೆಲಸ. ಒಬ್ಬ ಹೆಂಗಸಿಗೆ ಅದೇ ಹೆಸರಿನ ಇನ್ನೊಬ್ಬರ ಕ್ಯಾನ್ಸರ್ ವರದಿ ಹೋಗಿತ್ತು. ಆಕೆ ಮನೆಯಲ್ಲಿ ಯಾರಿಗೂ ಹೇಳದೆ ಎರಡು ದಿನ ಒಳಗೊಳಗೇ ಬೆಂದು, ಮೂರನೆಯ ದಿನ ವರದಿಯಲ್ಲಿರುವ ವಯಸ್ಸು ತನ್ನದಲ್ಲವೆಂದು ಗಮನಿಸಿದ್ದರು.

ವರದಿ ಹೊರಡುವ ಮುನ್ನ ಹೆಸರಿನ ಜೊತೆ ಫೋನ್ ನಂಬರೂ ತಾಳೆಯಾಗಬೇಕು. ಹಾಗೆಂದೇ ಕೋಡ್ ಬರೆದಿತ್ತು. ನಾವು ಬದಲಿಸಿದ ಕೋಡನ್ನು ಸೇರಿಸಿದ ಕೂಡಲೇ ಒಂದು ಸರ್ವರ್ ತಾನಾಗಿಯೇ ಕೋಡನ್ನು ಪರೀಕ್ಷಿಸುವ ಎಲ್ಲ ಟೆಸ್ಟುಗಳನ್ನು ಓಡಿಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತಿತ್ತು. ಅದನ್ನು ನಾವು ಸಿಐ ಎನ್ನುತ್ತಿದ್ದೆವು. ಒಂದು ವರ್ಷದಿಂದ ಅಲ್ಲಿ ಎಲ್ಲವೂ ಹಸಿರು.

ಆ ಹುಡುಗಿ ಸೇರಿ ಒಂದು ತಿಂಗಳಾಗಿತ್ತು. ಕೆಂಗೇರಿಯಿಂದ ಮೆಟ್ರೋದಲ್ಲಿ ಬರುತ್ತಿದ್ದಳು, ಮಾತು ಕಡಿಮೆ. ನಾನು ಹತ್ತಿರ ಹೋದರೆ ಪರದೆಯನ್ನು ಪಕ್ಕಕ್ಕೆ ತಿರುಗಿಸುತ್ತಿದ್ದಳು. ಒಮ್ಮೆ ಅದರಲ್ಲಿ ಕೆಂಪು ಸಾಲು ಕಂಡಿದ್ದೆ. ಇವಳೇ ಏನೋ ಕೆಡಿಸಿ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ನನಗೆ ಕೆಲಸ ಕಲಿಸಿದ ನಮ್ಮ ಸೀನಿಯರ್ ಬಳಿ ಹೋಗಿ ಹಾಗೆಂದು ಹೇಳಿಯೂಬಿಟ್ಟೆ. ಅವರು ತಲೆಯೆತ್ತದೆ, ನೋಡು ಹಾಗಾದರೆ ಎಂದರು.

ಮರುದಿನ ಬೆಳಿಗ್ಗೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

“ಏನ್ ಬಚ್ಚಿಡ್ತಾ ಇದೀಯಾ?”

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ಬಂದ ಎರಡನೇ ದಿನಾನೇ ಹೇಳಿದ್ದೆ ಮೇಡಂ. ನನ್ ಲ್ಯಾಪ್‌ಟಾಪಲ್ಲಿ ನಂಬರ್ ತಾಳೆ ನೋಡೋ ಈ ಒಂದ್ ಟೆಸ್ಟ್ ಯಾವಾಗ್ಲೂ ಫೇಲ್ ಆಗುತ್ತೆ. ನೀವು, ನಿನ್ ಸೆಟಪ್ಪೇ ಸರಿ ಇಲ್ಲ ಅಂದ್ರಿ. ಅದಕ್ಕೇ ಯಾರಿಗೂ ಕಾಣದ ಹಾಗೆ ಸರಿ ಮಾಡೋಕ್ ನೋಡ್ತಿದ್ದೆ.”

ಹೌದು, ಅಂದಿದ್ದೆ. ಹಳಬರಾದ ನಾವ್ಯಾರೂ ನಮ್ಮ ಲ್ಯಾಪ್‌ಟಾಪುಗಳಲ್ಲಿ ಟೆಸ್ಟ್ ಓಡಿಸುತ್ತಲೇ ಇರಲಿಲ್ಲ, ಸರ್ವರ್ ನೋಡಿಕೊಳ್ಳುತ್ತದೆ ಎಂದು ಬಿಟ್ಟಿದ್ದೆವು. ಈಗ ನನ್ನದರಲ್ಲಿ ಓಡಿಸಿದೆ. ಕೆಂಪು.

ಇಬ್ಬರೂ ಕೂತು ಕೋಡ್ ಓದಿದೆವು. ಸಿಐ ಸರ್ವರಿನಲ್ಲಿ ‘ಇದು ಸಿಐ’ ಎಂದು ಸಾರುವ ಒಂದು ಸೆಟ್ಟಿಂಗ್ ಇರುತ್ತದೆ. ನಂಬರ್ ತಾಳೆ ನೋಡುವ ಜಾಗದಲ್ಲಿ ಯಾರೋ ಎರಡು ಸಾಲು ಸೇರಿಸಿದ್ದರು: ಆ ಸೆಟ್ಟಿಂಗ್ ಕಂಡರೆ ತಾಳೆ ನೋಡಬೇಡ, ಸರಿಯಿದೆ ಅನ್ನು. ಟೆಸ್ಟಿಗೆಂದು ಕಲ್ಪಿಸಿಟ್ಟ ಮಾದರಿ ರೋಗಿಗಳಿಗೆ ಫೋನ್ ನಂಬರುಗಳೇ ಇರಲಿಲ್ಲ. ಅವನ್ನು ತುಂಬುವ ಬದಲು ಪರಿಶೀಲನೆಯನ್ನೇ ತಪ್ಪಿಸಿದ್ದರು. ಅದೇ ಸೆಟ್ಟಿಂಗನ್ನು ಅವಳ ಲ್ಯಾಪ್‌ಟಾಪಿನಲ್ಲಿ ಹಾಕಿ ಓಡಿಸಿದೆವು. ಕೆಂಪು ಹೋಗಿ ಹಸಿರಾಯಿತು.

ಆ ಸಾಲುಗಳನ್ನು ಬರೆದವರು ಯಾರೆಂದು ಕೋಡಿನ ಬದಲಾವಣೆಗಳ ದಾಖಲೆಯಲ್ಲಿ ಹುಡುಕಿದೆ. ನಮ್ಮ ಸೀನಿಯರ್. ನಿನ್ನೆ ತಲೆಯೆತ್ತದೆ ಮಾತಾಡಿದ್ದು ಇದಕ್ಕೇ ಇರಬೇಕು ಎನಿಸಿ ಮೈ ಉರಿಯಿತು.

“ಆದ್ರೆ ಲ್ಯಾಬಿನ ಕಂಪ್ಯೂಟರ್ ಸಿಐ ಅಲ್ವಲ್ಲ ಮೇಡಂ. ಅಲ್ಲಿ ತಾಳೆ ನೋಡ್ಬೇಕಿತ್ತು,” ಎಂದಳು ಹುಡುಗಿ.

ಲ್ಯಾಬಿನ ಕಂಪ್ಯೂಟರಿಗೆ ಇಲ್ಲಿಂದಲೇ ಲಾಗಿನ್ ಆಗಿ ನೋಡಿದೆ. ಅಲ್ಲೂ ‘ಇದು ಸಿಐ’ ಎಂದೇ ಇತ್ತು. ಲ್ಯಾಬಿನಲ್ಲಿ ಸಾಫ್ಟ್‌ವೇರ್ ಹಾಕುವಾಗ ಎರಡು ದಿನದ ಕೆಲಸ ತಪ್ಪುತ್ತದೆಂದು ಸಿಐ ಸರ್ವರಿನ ಸೆಟ್ಟಿಂಗುಗಳನ್ನೆಲ್ಲ ಇದ್ದಂತೆಯೇ ಅಲ್ಲಿಗೆ ನಕಲು ಮಾಡಿದವಳು ನಾನು. ಅಲ್ಲಿ ಒಂದು ಸಲವೂ ನಂಬರ್ ತಾಳೆ ನೋಡಿರಲಿಲ್ಲ.

ಸೀನಿಯರ್ ಎದುರು ಹೋಗಿ ಅವರ ಸಾಲು, ನನ್ನ ನಕಲು ಎರಡನ್ನೂ ಹೇಳಿದೆ. “ಎರಡು ದಿನಕ್ಕೆ ಅಂತ ಹಾಕಿದ್ದು ಕಣಮ್ಮ. ಆಮೇಲೆ ಮರ್ತೇಬಿಟ್ಟೆ,” ಎಂದರು. ಮರೆತಿದ್ದರೋ, ನೆನಪಿದ್ದೂ ಸುಮ್ಮನಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸಂಜೆಯೊಳಗೆ ಆ ಸಾಲುಗಳನ್ನು ತೆಗೆದು, ಮಾದರಿ ರೋಗಿಗಳಿಗೆ ನಂಬರು ತುಂಬಿ, ಲ್ಯಾಬಿನ ಸೆಟ್ಟಿಂಗನ್ನು ಸರಿಪಡಿಸಿದೆವು. ಹುಡುಗಿಯ ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದಳು, ಆದರೆ ಮುಂದಿನ ವಾರ ಬೇರೆ ಮೇಜು ಕೇಳಿ ಪಡೆದಳು.

ಅದೇ ವಾರದ ಶನಿವಾರ ಸೀನಿಯರ್ ಜೊತೆ ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಆ ಹೆಂಗಸಿನ ಮನೆಗೆ ಹೋದೆ. ಬೈಯುತ್ತಾರೆಂದು ತಯಾರಾಗಿದ್ದೆ. ಆಕೆ ಕಾಫಿ ಕೊಟ್ಟು, ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಆ ಇನ್ನೊಬ್ರಿಗೆ ಹೇಳಿದ್ರಾ?” ಎಂದು ಕೇಳಿದರು.

ಲ್ಯಾಬಿನ ಡಾಕ್ಟರೇ ಅವರನ್ನು ಕರೆಸಿ ಹೇಳಿದ್ದಾರೆ, ಸೋಮವಾರ ಆಸ್ಪತ್ರೆಗೆ ಸೇರುತ್ತಾರೆ ಎಂದೆ. ಆಕೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.