ಲಗಮವ್ವನ ಕೈಯಲ್ಲಿ ಎರಡು ಅಂಕಿ

ಬೆಳಿಗ್ಗೆ 5.40. ಮುಧೋಳ–ಜಮಖಂಡಿ ರಸ್ತೆಯಲ್ಲಿ ಲಗಮವ್ವನ ಮೊಪೆಡ್ ರಾಧಿಕಾಳ ಸೈಕಲ್ಲಿನ ಬಲಕ್ಕೆ ಬರುತ್ತದೆ. ರಾಧಿಕಾ ಪೆಡಲ್ ನಿಲ್ಲಿಸುವುದಿಲ್ಲ. ಬಲತೋಳನ್ನು ಸ್ವಲ್ಪ ಹೊರಗೆ ಚಾಚುತ್ತಾಳೆ. ತೋಳಿನ ಹಿಂಬದಿಗೆ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ ಅಂಟಿದೆ. ಲಗಮವ್ವ ಎಡಗೈಯಲ್ಲಿದ್ದ ಪುಟ್ಟ ಯಂತ್ರವನ್ನು ಅದರ ಹತ್ತಿರ ಒಯ್ಯುತ್ತಾರೆ.

"ನೂರಾ ಹದಿನೆಂಟು. ಬಾಣ ಅಡ್ಡ ಐತಿ. ಹೊಡಿ."

ಲಗಮವ್ವನಿಗೆ 49 ವರ್ಷ. ಓದಿದ್ದು ನಾಲ್ಕನೇ ತರಗತಿ. ಎಂಟು ಗಂಟೆಯಿಂದ ಮುಧೋಳದ ಹೊರವಲಯದ ಬೆಲ್ಲದ ಗಾಣದಲ್ಲಿ ಬಿಸಿ ಬೆಲ್ಲವನ್ನು ಅಚ್ಚಿಗೆ ತುಂಬುವ ಕೆಲಸ. ಅದಕ್ಕೂ ಮೊದಲು, ವಾರಕ್ಕೆ ಆರು ದಿನ, ಅಕ್ಕನ ಮಗಳು ರಾಧಿಕಾಳ ಹಿಂದೆ 40 ಕಿ.ಮೀ. ಐದು ಕಿ.ಮೀ.ಗೊಮ್ಮೆ, ಒಟ್ಟು ಎಂಟು ಸಲ, ಯಂತ್ರ ಹಿಡಿಯುತ್ತಾರೆ.

ಹತ್ತೊಂಬತ್ತರ ರಾಧಿಕಾ ರಸ್ತೆ ಸೈಕ್ಲಿಂಗ್ ಸ್ಪರ್ಧಿ. ಹನ್ನೊಂದನೇ ವಯಸ್ಸಿನಿಂದ ಆಕೆಗೆ ಟೈಪ್ ಒನ್ ಮಧುಮೇಹ. ಇನ್ಸುಲಿನ್ ಚುಚ್ಚಿಕೊಂಡೇ ಬದುಕಬೇಕು; ಜೋರಾಗಿ ತುಳಿದರೆ ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು. ಯಂತ್ರದ ಅಂಕಿ 70ಕ್ಕಿಂತ ಇಳಿದರೆ ಅಪಾಯ; ಪಕ್ಕದ ಬಾಣ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುತ್ತದೆ. ತೋಳಿನ ಬಿಲ್ಲೆ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ರಕ್ತದಲ್ಲಾದ ಬದಲಾವಣೆ ಅಲ್ಲಿ ಕಾಣಿಸಲು ಹತ್ತು–ಹದಿನೈದು ನಿಮಿಷ ಬೇಕು.

"ಅಂದ್ರ ಇದು ಹೇಳೂದು ಆಗಳೆ ಆಗಿ ಹೋಗಿದ್ದನ್ರಿ. ಈಗ ಏನಾಗೇತಿ ಅನ್ನೂದು ಇದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ," ಎನ್ನುತ್ತಾರೆ ಲಗಮವ್ವ.

2018ರ ಜನವರಿಯ ಒಂದು ಬೆಳಿಗ್ಗೆ ಬಿಲ್ಲೆ 64 ತೋರಿಸಿತು, ಬಾಣ ಕೆಳಕ್ಕಿತ್ತು. ಅನುಮಾನ ಬಂದು ಲಗಮವ್ವ ಸೈಕಲ್ ನಿಲ್ಲಿಸಿದರು. ಹಳೆಯ ಯಂತ್ರ ತೆಗೆದು ರಾಧಿಕಾಳ ಬೆರಳು ಚುಚ್ಚಿ ರಕ್ತ ನೋಡಿದರು. 312. "ರಕ್ತ ಸುಳ್ಳ ಹೇಳತೈತೇನ್ರಿ? ಅದನ್ನ ನಂಬಿದ್ನಿ. ಕೊಡಾಕ ತಗದಿದ್ದ ಬೆಲ್ಲ ಹೊಳ್ಳಿ ಚೀಲಕ್ಕ ಹಾಕಿದ್ನಿ." ಎರಡು ಕಿ.ಮೀ. ಮುಂದೆ ರಾಧಿಕಾ ಸೈಕಲ್ ಸಮೇತ ಕಬ್ಬಿನ ಗದ್ದೆಗೆ ಬಿದ್ದಳು.

ಕಾರಣ ಹೇಳಿದವರು ಆಸ್ಪತ್ರೆಯ ನರ್ಸ್ ಮೃಣ್ಮಯಿ. ಮನೆ ಬಿಡುವಾಗ ರಾಧಿಕಾ ಚಿಕ್ಕಮ್ಮನ ಚೀಲದ ಬೆಲ್ಲವನ್ನು ಕೈಯಲ್ಲೇ ಮುರಿದು ತಿಂದಿದ್ದಳು. ಅದು ಬೆರಳಿಗೆ ಅಂಟಿತ್ತು. ಯಂತ್ರ ರಕ್ತದ ಜೊತೆ ಬೆಲ್ಲವನ್ನೂ ಅಳೆದಿತ್ತು.

ಇನ್ನೊಮ್ಮೆ ಬಿದ್ದರೆ ಸ್ಪರ್ಧೆಗೆ ಹೆಸರು ಕೊಡುವುದಿಲ್ಲ ಎಂದರು ತರಬೇತುದಾರ ಶಿದ್ರಾಮಪ್ಪ. ಅಂದಿನಿಂದ ಮೊಪೆಡ್‌ಗೆ ನೀರಿನ ಬಾಟಲಿ, ಒಣ ಬಟ್ಟೆ ನೇತಾಡುತ್ತಿವೆ. ಗಾಣದ ತಕ್ಕಡಿಯಲ್ಲಿ ತೂಗಿದ ಹತ್ತು ಗ್ರಾಂ ಬೆಲ್ಲದ ಉಂಡೆಗಳನ್ನು ಲಗಮವ್ವ ಕಾಗದದಲ್ಲಿ ಸುತ್ತಿಡುತ್ತಾರೆ. ಬೆರಳು ತಾಗಿಸದೆ, ಕಾಗದದಿಂದ ನೇರ ಬಾಯಿಗೆ. ಕೈ ತೊಳೆದ ಮೇಲೂ ಎರಡು ಯಂತ್ರಗಳ ಅಂಕಿ ಒಂದೇ ಆಗುವುದು ಅಪರೂಪ.

ಮರು ತಿಂಗಳು, ಫೆಬ್ರುವರಿಯಲ್ಲಿ, ಜಮಖಂಡಿಯಲ್ಲಿ 20 ಕಿ.ಮೀ. ಸ್ಪರ್ಧೆ ನಡೆಯಿತು. ಮೊದಲ ಐವರಿಗೆ ರಾಜ್ಯ ತಂಡದ ಆಯ್ಕೆಗೆ ಅವಕಾಶ. ಹಿಂದೆ ಯಾವ ವಾಹನವೂ ಹೋಗುವಂತಿಲ್ಲ. ಹೊರಡಲು ಹತ್ತು ನಿಮಿಷ ಇರುವಾಗ ಬಿಲ್ಲೆ 92 ತೋರಿಸಿತು, ಬಾಣ ಕೆಳಕ್ಕೆ ವಾಲಿತ್ತು. ತೊಳೆದ ಬೆರಳಿನ ರಕ್ತ 124.

"ಏನ್ ಲಗಮವ್ವ, ಬಿಡೂದೋ ಬ್ಯಾಡೋ?" ಎಂದು ಶಿದ್ರಾಮಪ್ಪ ಕೇಳಿದರು.

"ಎರಡೂ ಖರೆ ಇರಬಹುದ್ರಿ ಸರ. ಎರಡೂ ಸುಳ್ಳ ಇರಬಹುದು."

"ಚಿಗವ್ವಾ, ನನ್ನನ್ನೂ ಒಂದ್ಸಲ ಕೇಳ ಬೇ," ಎಂದಳು ರಾಧಿಕಾ.

"ನಿನ್ನ ಏನ್ ಕೇಳೂದು? ಕಬ್ಬಿನಾಗ ಬೀಳೂ ಮುಂದೂ ಆರಾಮ ಅದೀನಿ ಅಂದಾಕಿ ನೀ."

ಲಗಮವ್ವ ಒಂದು ಉಂಡೆಯನ್ನು ಆಕೆಯ ಬಾಯಿಗೆ ಹಾಕಿ, ಇನ್ನೊಂದನ್ನು ಅಂಗಿಯ ಹಿಂದಿನ ಜೇಬಿಗಿಟ್ಟರು. "ಬಿಡ್ರಿ," ಎಂದರು. ಮುಂದಿನ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವರ ಕೈಯಲ್ಲಿ ಯಾವ ಅಂಕಿಯೂ ಇರಲಿಲ್ಲ.

ರಾಧಿಕಾ ಗೆರೆ ದಾಟಿದಾಗ ಬಿಲ್ಲೆ 71 ಎಂದಿತು, ತೊಳೆದ ಬೆರಳು 139. ಜೇಬಿನಲ್ಲಿ ಉಂಡೆ ಇರಲಿಲ್ಲ.

"ಯಾಕ ತಿಂದಿ? ಏನರ ಆಗಿತ್ತೇನ?"

"ಗೊತ್ತಿಲ್ಲ ಚಿಗವ್ವಾ. ತಿನ್ನಬೇಕ ಅನ್ನಿಸ್ತು, ತಿಂದ್ನಿ."

ಕೊಡಬೇಕೋ ಬೇಡವೋ ತಿಳಿಯದೆ ಲಗಮವ್ವ ಮೂರನೆಯ ಉಂಡೆಯನ್ನು ಹಿಡಿದೇ ನಿಂತರು. "ಒಂದ ದಿನ ಎರಡೂ ಮಿಷನ್ ಒಂದ ಅಂಕಿ ತೋರಸ್ಲಿ ಸಾಕ್ರಿ. ಮತ್ತೇನೂ ಬ್ಯಾಡ," ಎಂದರು.

ಹದಿನೈದು ನಿಮಿಷ ಬಿಟ್ಟು ಮತ್ತೆ ತೋಳಿಗೆ ಯಂತ್ರ ಹಿಡಿದರು. 131. ಅಷ್ಟರಲ್ಲಿ ಸಂಘಟಕರು ಫಲಕಕ್ಕೆ ಫಲಿತಾಂಶದ ಪಟ್ಟಿ ಅಂಟಿಸಿದರು. ನಾಲ್ಕನೆಯ ಹೆಸರು ರಾಧಿಕಾಳದು.