ಸೋಮಲಿಂಗಯ್ಯ ಕಂಡ ಬೂದು ಪಾಚಿ

ಬೆಳಗಿನ ಐದೂವರೆ. ಕಾಶಿಯ ಅಸ್ಸಿ ಘಾಟಿನ ಚಹಾದಂಗಡಿಗಳಲ್ಲಿ ಒಲೆಗಳು ಆಗಷ್ಟೇ ಹೊಗೆಯಾಡುತ್ತಿವೆ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಸೋಮಲಿಂಗಯ್ಯ ಸೈಕಲ್ ನಿಲ್ಲಿಸಿ, ಧೋತರ ಎತ್ತಿ ಕಟ್ಟಿ, ಬರ್ನರ್ ಹೊತ್ತಿಸುತ್ತಾರೆ. ಹಳದಿ ಜ್ವಾಲೆ ಒಮ್ಮೆ ತೂಗಾಡಿ ನೀಲಿಗೆ ತಿರುಗುತ್ತದೆ. ಬೆರಳುಗಳ ನಡುವೆ ಗಾಜಿನ ಕೊಳವೆ ಸುತ್ತುತ್ತಲೇ ಇದೆ. ನಿಲ್ಲಿಸಿದರೆ ಮೆತ್ತಗಾದ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ೧೯೮೦ರ ಮೇ ತಿಂಗಳ ಕಾಶಿ. ಎಂಟು ಗಂಟೆಯಾದರೆ ಶೆಡ್ಡಿನಲ್ಲಿ ನಿಲ್ಲಲಾಗದು. ಜ್ವಾಲೆ ಅಲುಗುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಅದಕ್ಕೇ ಈ ನಸುಕಿನ ಹಾಜರಿ.

ಐವತ್ತೇಳರ ಸೋಮಲಿಂಗಯ್ಯ ಇಲ್ಲಿ ಗಾಜು ಊದುವವರು. ಎಲ್ಲರ ಬಾಯಲ್ಲಿ ‘ಮಿಸ್ತ್ರೀಜಿ’. ಹುಡುಗರು ಒಡೆದು ತಂದ ಪಾತ್ರೆ, ನಳಿಕೆ, ಸೋರುವ ನಲ್ಲಿಗಳನ್ನು ದಿನಕ್ಕೆ ಹದಿನೈದರ ತನಕ ಬೆಸೆದು ಕೊಡುತ್ತಾರೆ. ಮೂವತ್ತೆಂಟು ವರ್ಷಗಳಿಂದ ಇದೇ ಕಸುಬು. ಆದರೆ ಅವರ ಮನಸ್ಸು ಹೋಗಿ ನಿಲ್ಲುವುದು ಆ ಎಲ್ಲ ವರ್ಷಗಳ ಮೇಲಲ್ಲ, ಎರಡೇ ವರ್ಷಗಳ ಮೇಲೆ. ಶೆಡ್ಡಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿರುವ ಗಾಜಿನ ಪೆಟ್ಟಿಗೆಯತ್ತ ಮಾತಿನ ನಡುವೆ ಅವರ ಕಣ್ಣು ಹೊರಳುತ್ತಲೇ ಇರುತ್ತದೆ.

ಹುಟ್ಟಿದ್ದು ರೋಣದ ಹತ್ತಿರದ ಹಳ್ಳಿಯಲ್ಲಿ. ಹನ್ನೆರಡರ ವಯಸ್ಸಿನಲ್ಲಿ, ಕಾಶಿಯ ಮಠದ ಅಡುಗೆಮನೆಯಲ್ಲಿದ್ದ ಸೋದರಮಾವನ ಜೊತೆ ಕಂಟೋನ್ಮೆಂಟ್ ನಿಲ್ದಾಣದಲ್ಲಿ ರೈಲಿಳಿದರು. ಮಠದಲ್ಲಿ ವೇದಪಾಠಕ್ಕೆ ಕೂತರೂ ನಾಲಗೆ ಹೊರಳಲಿಲ್ಲ. ಮಾವ ಹೂ ಕೊಡಲು ಹೋಗುತ್ತಿದ್ದ ಮನೆಯ ಬಂಗಾಲಿ ಯಜಮಾನರು ವಿಶ್ವವಿದ್ಯಾಲಯದಲ್ಲಿ ಗಾಜು ಊದುತ್ತಿದ್ದರು. ಒಂದು ದಿನ ಅವರು ಕಾದ ಕೊಳವೆಯ ತುದಿಯಲ್ಲಿ ಗಾಜಿನ ಗುಳ್ಳೆ ಎಬ್ಬಿಸಿದ್ದನ್ನು ಸೋಮಲಿಂಗಯ್ಯ ನೋಡಿದರು. ಆಮೇಲೆ ಮಠದ ಪಾಠಕ್ಕೆ ಮರಳಲಿಲ್ಲ.

ಅನಂತಲಕ್ಷ್ಮಿ ಆ ಶೆಡ್ಡಿಗೆ ಬಂದದ್ದು ೧೯೭೬ರ ಚಳಿಗಾಲದಲ್ಲಿ. ಬಂಗಾಲಿ ಟೋಲಾ ಎಂಬ ಕೇರಿಯಲ್ಲಿ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಶೇಷಗಿರಿ ಪುರೋಹಿತರ ಮಗಳು. ಕಾಶಿಯಲ್ಲೇ ಹುಟ್ಟಿ ಬೆಳೆದವರು, ಸಂಶೋಧನಾ ವಿದ್ಯಾರ್ಥಿನಿ. ಟಾರ್ಚಿನ ಸೆಲ್ ಮುಗಿದರೆ ಬಿಸಾಡುತ್ತೇವಲ್ಲ, ಹಾಗೆ ಬಿಸಾಡದೆ ಮತ್ತೆ ಮತ್ತೆ ತುಂಬಬಹುದಾದ, ಹೂವಿನಷ್ಟು ಹಗುರವಾದ ಸೆಲ್ ಮಾಡಬೇಕೆಂಬುದು ಆಕೆಯ ಹಟ. ಅದಕ್ಕೆ ಒಂದು ಕಡೆ ಲಿಥಿಯಂ ಲೋಹ. ಇನ್ನೊಂದು ಕಡೆಗೆ ಟೈಟೇನಿಯಂ ಮತ್ತು ಗಂಧಕ ಕೂಡಿದ ಪುಡಿ. ಆ ಪುಡಿಯಾಗಲು ಎರಡನ್ನೂ ಉರಿ ತಾಳುವ ಕ್ವಾರ್ಟ್ಸ್ ಗಾಜಿನ ಕೊಳವೆಯಲ್ಲಿ ಹಾಕಿ, ಗಾಳಿ ಪೂರ್ತಿ ಹೀರಿ, ಬಾಯಿ ಬೆಸೆದು, ವಾರಕ್ಕೂ ಹೆಚ್ಚು ಕಾಲ ಕುಲುಮೆಯಲ್ಲಿ ಕಾಯಿಸಬೇಕು. ಬೆಸೆಯುವ ಕೆಲಸ ಸೋಮಲಿಂಗಯ್ಯನವರದು.

ಆಕೆ ಮೊದಲು ಹಿಂದಿಯಲ್ಲೇ ಮಾತಾಡಿಸಿದರು. ಇವರ ಹೆಸರು ಕೇಳಿ, ಹಣೆಯ ವಿಭೂತಿ ಕಂಡು, ಅನುಮಾನಿಸುತ್ತಲೇ ಕನ್ನಡಕ್ಕೆ ತಿರುಗಿದರು. ಕಾರ್ಯಾಗಾರದಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು ಎನ್ನುತ್ತಾರೆ ಸೋಮಲಿಂಗಯ್ಯ. ವಯಸ್ಸಿನಲ್ಲಿ ಮಗಳಂತಿದ್ದರೂ ಆಕೆಯನ್ನು ಅವರು ‘ಅಕ್ಕಾರ’ ಎಂದೇ ಕರೆದರು. ಅವರ ಹಳ್ಳಿಯಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಕರೆಯುತ್ತಿದ್ದುದು ಹಾಗೆ.

ಮೊದಲ ಮೂರು ಕೊಳವೆಗಳು ಕುಲುಮೆಯಲ್ಲೇ ಸಿಡಿದವು. ನಾಲ್ಕನೆಯದು ಸಿಡಿದಾಗ ಹತ್ತಿರ ನಿಂತಿದ್ದ ಸೋಮಲಿಂಗಯ್ಯನವರ ಹುಬ್ಬು ಸೀಳಿತು, ಏಳು ಹೊಲಿಗೆ ಬಿತ್ತು. ಅನಂತಲಕ್ಷ್ಮಿ ಆಸ್ಪತ್ರೆಯ ಜಗಲಿಯಲ್ಲಿ ಅಳುತ್ತ, ಇನ್ನು ಈ ವಿಷಯವೇ ಬೇಡ, ಬೇರೆ ಹಿಡಿಯುತ್ತೇನೆ ಎಂದರಂತೆ. ಮನೆಯಲ್ಲಿ ಹೆಂಡತಿ ಬಸಲಿಂಗಮ್ಮನೂ ಅದನ್ನೇ ಹೇಳಿದರು. ಮಲಗಿದ್ದ ನಾಲ್ಕು ದಿನವೂ ಸೋಮಲಿಂಗಯ್ಯ ಸಿಡಿದ ಚೂರುಗಳನ್ನೇ ನೆನೆದರು. ಐದನೆಯ ದಿನ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದು ಆಕೆಯನ್ನು ಕರೆಸಿದರು.

“ಅಕ್ಕಾರ, ಗಂಧಕಕ್ಕ ಓಡಿ ಹೋಗಾಕ ಜಾಗಾನ ಇಲ್ಲ, ಅದಕ್ಕ ಒದೀತೈತಿ. ಕೊಳವಿ ಎರಡರಷ್ಟು ಉದ್ದ ಮಾಡ್ತೀನಿ. ಒಂದು ತುದಿ ಕುಲುಮಿ ಹೊರಗ ತಣ್ಣಗಿರಲಿ.”

ಐದನೆಯ ಕೊಳವೆ ಸಿಡಿಯಲಿಲ್ಲ. ಎಂಟು ದಿನದ ನಂತರ ಅದರೊಳಗೆ ಬಂಗಾರದ ರೇಕಿನಂಥ ಮಿನುಗು ಪುಡಿ ಕೂತಿತ್ತು. ಅಲ್ಲಿಂದ ಎರಡು ವರ್ಷದಲ್ಲಿ ಇಪ್ಪತ್ತೆಂಟು ಕೊಳವೆ ಬೆಸೆದರು. ಪುಡಿ ತೆಗೆಯಲು ಪ್ರತಿಯೊಂದನ್ನೂ ಒಡೆಯಲೇಬೇಕು. ಹೀಗಾಗಿ ಅವರ ಅತ್ಯುತ್ತಮ ಕೆಲಸದ ಒಂದು ತುಣುಕೂ ಇಂದು ತೋರಿಸಲು ಉಳಿದಿಲ್ಲ.

ಉಳಿದಿರುವುದು ಗೋಣಿತಾಟಿನ ಕೆಳಗಿನ ಪೆಟ್ಟಿಗೆ. ಲಿಥಿಯಂಗೆ ಕಾಶಿಯ ಹಸಿ ಗಾಳಿ ಆಗದು, ಮುಟ್ಟಿದೊಡನೆ ಕಪ್ಪಾಗುತ್ತದೆ. ವಿದೇಶದಿಂದ ಗಾಳಿಯಾಡದ ಪೆಟ್ಟಿಗೆ ತರಿಸುವ ಅನುಕೂಲ ವಿಭಾಗಕ್ಕಿರಲಿಲ್ಲ. ಸೋಮಲಿಂಗಯ್ಯ ಹಳೆಯ ಕಪಾಟುಗಳ ಗಾಜು ಕೂಡಿಸಿ, ಕೈ ತೂರಿಸಲು ಎರಡು ತೂತು ಬಿಟ್ಟು, ಅಲ್ಲಿ ಉದ್ದನೆಯ ರಬ್ಬರ್ ಕೈಗವಸು ಬಿಗಿದು, ಒಳಗೆ ಒಣ ಆರ್ಗಾನ್ ಅನಿಲ ತುಂಬುವ ಹಾಗೆ ಮಾಡಿದರು. ಸೋರಿಕೆ ಹುಡುಕಿ ಮುಚ್ಚಲಿಕ್ಕೇ ಮೂರು ತಿಂಗಳು ಹಿಡಿಯಿತು.

೧೯೭೮ರ ಜನವರಿಯ ಒಣ ಚಳಿಯಲ್ಲಿ, ಅವರೇ ಊದಿದ ಪುಟ್ಟ ಗಾಜಿನ ಬುರುಡೆಯೊಳಗೆ ಸೆಲ್ ತಯಾರಾಯಿತು. ಮೀಟರಿನ ಮುಳ್ಳು ಎರಡು ವೋಲ್ಟಿನ ಮೇಲೇರಿ ನಿಂತಿತು. ಇಡೀ ದಿನ ಖಾಲಿ ಮಾಡಿ, ಮರುದಿನ ತುಂಬಿದರು. ಮುಳ್ಳು ಮತ್ತೆ ಏರಿತು. ಹೀಗೆ ಹದಿನೇಳು ಸಲ. ಆ ಐದು ವಾರ ಸೋಮಲಿಂಗಯ್ಯ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದುದು ಆ ಮುಳ್ಳನ್ನು. “ಮನ್ಯಾಗ ಕೂಸು ಇದ್ರ ಎದ್ದ ಕೂಡ್ಲೆ ತೊಟ್ಲಾ ನೋಡ್ತೀವಲ್ರಿ, ಹಂಗ,” ಎನ್ನುತ್ತಾರೆ.

ಹದಿನೆಂಟನೆಯ ಸಲ ಮುಳ್ಳು ಸೊನ್ನೆಗೆ ಬಿತ್ತು. ಏಕೆಂದು ಯಾರಿಗೂ ತಿಳಿಯಲಿಲ್ಲ. ಗಾಜಿನ ಬಿರುಕು ಹುಡುಕುವ ತಮ್ಮ ಭೂತಗನ್ನಡಿ ಹಿಡಿದು ಸೋಮಲಿಂಗಯ್ಯ ಬುರುಡೆಯೊಳಗೆ ಇಣುಕಿದರು. ಬೆಳ್ಳಗಿದ್ದ ಲಿಥಿಯಂ ಮೇಲೆ ಬೂದುಬಣ್ಣದ ಪಾಚಿ. ಅದರ ಎಳೆಯೊಂದು, ಲೋಹ ಮತ್ತು ಪುಡಿ ತಾಗದಂತೆ ನಡುವೆ ಇಟ್ಟಿದ್ದ ತೆಳು ತೆರೆ ತೂರಿಕೊಂಡು ಆಚೆಯ ಪುಡಿಯನ್ನು ಮುಟ್ಟಿತ್ತು. “ಇದು ಬೆಳದೈತ್ರಿ, ಅಕ್ಕಾರ,” ಎಂದು ಭೂತಗನ್ನಡಿಯನ್ನು ಆಕೆಯ ಕೈಗಿತ್ತರು. ಅನಂತಲಕ್ಷ್ಮಿ ಬಹಳ ಹೊತ್ತು ನೋಡಿ, ತುಂಬುವಾಗ ಲೋಹ ಸಮನಾಗಿ ಮರಳದೆ ಹೀಗೆ ಎಳೆಯಾಗಿ ಬೆಳೆಯುತ್ತಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಅಚ್ಚಾದ ಪ್ರಬಂಧದ ಕೊನೆಯಲ್ಲಿ ‘ಕಾರ್ಯಾಗಾರದ ಸಿಬ್ಬಂದಿಗೆ ವಂದನೆ’ ಎಂದಿದೆ. ಸೋಮಲಿಂಗಯ್ಯನವರ ಹೆಸರು ಸೇರಿಸಲು ಅನಂತಲಕ್ಷ್ಮಿ ವಿಭಾಗವನ್ನು ಎರಡು ಸಲ ಕೇಳಿದರಂತೆ. ಅಂಥ ವಾಡಿಕೆ ಇಲ್ಲ ಎಂಬ ಉತ್ತರ ಬಂತು.

ಪಾಚಿಯನ್ನು ತಡೆಯುವ ದಾರಿ ಹುಡುಕುವಷ್ಟರಲ್ಲಿ ಯೋಜನೆಯ ಅವಧಿ ಮುಗಿಯಿತು. ಅನಂತಲಕ್ಷ್ಮಿಗೆ ಗದಗಿನ ಕಾಲೇಜಿನಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ಹೊರಡುವ ದಿನ ಶೆಡ್ಡಿಗೆ ಬಂದು ಕಾಲುಮುಟ್ಟಿ ನಮಸ್ಕರಿಸಿದರು. ಸೋಮಲಿಂಗಯ್ಯ ಪೆಟ್ಟಿಗೆಯ ಮೇಲೆ ಗೋಣಿತಾಟು ಎಳೆದರು.

“ನಮ್ಮೂರ ಕಡೆ ಅವರು ಹೋದ್ರು, ಅವರೂರಾಗ ನಾ ಉಳದೆ,” ಎನ್ನುತ್ತಾರೆ ಈಗ. ಗದಗ ಅವರ ಹಳ್ಳಿಗೆ ಹತ್ತಿರ. ಸೋಮಲಿಂಗಯ್ಯ ಅಲ್ಲಿನ ಕರಿ ಮಣ್ಣು ಮೆಟ್ಟಿ ಇಪ್ಪತ್ತೆರಡು ವರ್ಷವಾಯಿತು. ಶೆಡ್ಡಿನಲ್ಲಿ ಕೆಲಸದ ಮಾತು ಮತ್ತೆ ಕನ್ನಡದಲ್ಲಿ ಕೇಳಿಸಿಲ್ಲ.

ಕಳೆದ ತಿಂಗಳು ಗದಗಿನಿಂದ ಅನಂತಲಕ್ಷ್ಮಿಯ ಇನ್‌ಲ್ಯಾಂಡ್ ಪತ್ರ ಬಂತು. ಜ್ವಾಲೆ ನೋಡಿ ನೋಡಿ ಸೋಮಲಿಂಗಯ್ಯನವರ ಕಣ್ಣಿಗೆ ಪೊರೆ ಬಂದಿದೆ. ಗಾಜು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮಗಳು ಕೌಸಲ್ಯಾ ಹಿಂದಿ ಶಾಲೆಯ ಶಿಕ್ಷಕಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಮಠಕ್ಕೆ ನಡೆದರು. ಪೂಜೆಯ ವ್ಯವಸ್ಥೆ ನೋಡುವ ಶಿವಬಸಯ್ಯ ಅಂಗಳದ ಕಟ್ಟೆಯ ಮೇಲೆ ಕೂತು, ಲಿಥಿಯಂ ಎಂಬಲ್ಲಿ ತಡವರಿಸುತ್ತ, ಗಟ್ಟಿಯಾಗಿ ಓದಿದರು. ಕಾಲೇಜಿನಲ್ಲಿ ಕುಲುಮೆ ಇಲ್ಲ, ಪಾಠ ಮಾತ್ರ. ಗ್ರಂಥಾಲಯಕ್ಕೆ ಬಂದ ಹೊರದೇಶದ ಪತ್ರಿಕೆಯಲ್ಲಿ ನೋಡಿದೆ, ಅಲ್ಲಿಯ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ಪಾಚಿಯ ಕಾಟವಂತೆ, ನಾವು ತಪ್ಪು ಮಾಡಿರಲಿಲ್ಲ ಅಯ್ಯನವರೇ ಎಂದು ಬರೆದಿದ್ದರು. ಆ ಸಾಲನ್ನು ಸೋಮಲಿಂಗಯ್ಯ ಮೂರು ಸಲ ಓದಿಸಿದರು.

ಉತ್ತರವನ್ನೂ ಶಿವಬಸಯ್ಯನವರ ಕೈಲೇ ಬರೆಸಿದರು. ಕ್ಷೇಮಸಮಾಚಾರ ಎರಡೇ ಸಾಲು. ಮಿಕ್ಕಿದ್ದೆಲ್ಲ ವರ್ಷದಿಂದ ಜ್ವಾಲೆಯ ಮುಂದೆ ಕೂತು ಅವರು ಯೋಚಿಸಿದ್ದು: ಲಿಥಿಯಂ ಹಾಳೆಯನ್ನು ಸಡಿಲ ಬಿಟ್ಟದ್ದರಿಂದ ಅದು ಬೇಕಾದಂತೆ ಬೆಳೆಯಿತು, ಎರಡೂ ಕಡೆಯಿಂದ ಚಪ್ಪಟೆ ಗಾಜಿನ ಬಿಲ್ಲೆ ಇಟ್ಟು ಸ್ಪ್ರಿಂಗಿನಿಂದ ಒತ್ತಿ ಹಿಡಿದರೆ ಪಾಚಿ ತಲೆ ಎತ್ತುವುದು ಕಷ್ಟವಾದೀತು. ಬಿಲ್ಲೆಯ ಅಳತೆಯನ್ನೂ ಹೇಳಿ ಬರೆಸಿದರು.

ನಿವೃತ್ತಿಗೆ ಇನ್ನು ಮೂರು ವರ್ಷ. ಏನಾದರೂ ಆಸೆ ಉಳಿದಿದೆಯೇ ಎಂದರೆ ಬರ್ನರಿನ ಗಾಳಿ ತಗ್ಗಿಸಿ, ಕೈಯಲ್ಲಿದ್ದ ಕೊಳವೆಯನ್ನು ಪಕ್ಕಕ್ಕಿಡುತ್ತಾರೆ.

“ಗದಗಿನ್ಯಾಗರ ಆಗಲಿ, ಯಾವ ದೇಶದಾಗರ ಆಗಲಿ, ಯಾರರ ಒಬ್ಬರು ಒತ್ತಿ ಹಿಡದು ನೋಡ್ಲಿ. ನಾ ಅಂದದ್ದು ತಪ್ಪಾದ್ರೂ ಅಡ್ಡಿಲ್ಲ. ನೋಡಿದ್ವಿ ಅಂತ ಒಂದು ಕಾಗದಾ ಬಂದ್ರ ಸಾಕು.”