ಬೆಲ್ಲ-ನೀರು ಯಾರಿಗೆ?

"ಹೋಟೆಲಿನಲ್ಲಿ ಚಾ ಕುಡಿಯುವುದುಂಟು, ಬನ್ಸ್ ತಿನ್ನುವುದುಂಟು. ಮಲಗುವುದೂ ಉಂಟಾ ಅಣ್ಣಾ?"

ಅಮ್ಮ ಹೀಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಹೋಟೆಲ್ ಅಂದರೆ ಬಸ್ಸು ನಿಲ್ಲುವಲ್ಲಿದ್ದ ಉದ್ದ ಬೆಂಚು ಮತ್ತು ಹೊಗೆ ಹಿಡಿದ ಗಾಜಿನ ಕಪಾಟು. ಅಂಥ ಬೆಂಚಿನ ಮೇಲೆ ತನ್ನ ಅಣ್ಣ ಹೆಂಡತಿಯನ್ನು ಕಟ್ಟಿಕೊಂಡು ಮಲಗಲು ಹೊರಟಿದ್ದಾರೆಂದು ಅಮ್ಮ ಗಾಬರಿಯಾಗಿದ್ದಳು.

"ಅದಲ್ಲ ಮಾರಾಯ್ತಿ, ಇದು ಕೊಚ್ಚಿಯ ಹೋಟೆಲು. ಮಂಚ ಉಂಟು, ಸೊಳ್ಳೆಪರದೆ ಉಂಟು. ಕಿಟಕಿ ತೆಗೆದರೆ ಹಡಗು ಕಾಣ್ತದಂತೆ" ಎಂದರು ಮಾವ. ನಮ್ಮ ಕಾಳುಮೆಣಸು ಕೊಳ್ಳುತ್ತಿದ್ದ ಫರಂಗಿಪೇಟೆಯ ಬ್ಯಾರಿ ವ್ಯಾಪಾರಿಯೊಬ್ಬರು ಅವರಿಗೆ ಈ ಆಸೆ ಹುಟ್ಟಿಸಿದ್ದರು.

ಮಾವ ಅಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರು. ನಮ್ಮದು ಅಳಿಯಸಂತಾನದ ಜೈನ ಕುಟುಂಬ. ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುತ್ತವೆ, ನೋಡಿಕೊಳ್ಳುವವರು ಅವಳ ಅಣ್ಣನೋ ತಮ್ಮನೋ. ಅತ್ತೆ, ಅಂದರೆ ಮಾವನ ಹೆಂಡತಿ, ಬೆಳ್ತಂಗಡಿಯ ಬಳಿಯ ತನ್ನ ತಾಯಿಮನೆಯಲ್ಲಿದ್ದರು. ಆ ಮನೆಗೆ ಅವರೊಬ್ಬರೇ ಮಗಳು, ಬಿಟ್ಟು ಬರುವಂತಿರಲಿಲ್ಲ. ಮಾವ ನಮ್ಮನ್ನು ಬಿಟ್ಟು ಹೋಗುವಂತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಶನಿವಾರ ಮಾವ ಬಸ್ಸು ಹತ್ತಿ ಅಲ್ಲಿಗೆ ಹೋಗುವರು, ಸೋಮವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿರುವರು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು.

ನಮ್ಮ ಕಡೆ ಮನೆಗೆ ನೆಂಟರು ಯಾರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಅತ್ತೆ ಪ್ರತಿ ಶನಿವಾರ ಗಂಡನಿಗೆ ಅದನ್ನೇ ತಂದಿಡುತ್ತಿದ್ದರು. ಮಾವ ಜಗಲಿಯಲ್ಲಿ ಕೂತು ಬೆಲ್ಲ ಕಡಿದು ನೀರು ಕುಡಿದು "ಮಳೆ ಹೇಗುಂಟು?" ಎಂದು ಕೇಳುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

ಹಿಂದಿನ ವರ್ಷ ಅತ್ತೆಯ ತಾಯಿ ತೀರಿಕೊಂಡಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಅತ್ತೆ ಒಬ್ಬರೇ ಉಳಿದರು. ಮಾವನಿಗೆ ಕೊಚ್ಚಿ ಹೊಳೆದದ್ದು ಅದರ ನಂತರ. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಹುಡುಗಿ. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಹೊರಡಿಸಿದರು. ನಿಜವಾದ ಕಾರಣ ಬೇರೆ. ಹೆಂಡತಿಯೊಬ್ಬಳನ್ನೇ ಕರೆದುಕೊಂಡು ಊರೂರು ತಿರುಗಲು ಅವರಿಗೆ ನಾಚಿಕೆ!

ಮಂಗಳೂರಿಗೆ ಬೇರೆ ದಾರಿಯಿದ್ದರೂ ನಾವು ಬಂಟ್ವಾಳದ ಮಾರ್ಗವಾಗಿ ಬಿ.ಸಿ.ರೋಡಿಗೆ ಬಂದು ಅತ್ತೆಯನ್ನು ಕೂಡಿಕೊಂಡೆವು. ಅವರ ಕೈಯಲ್ಲಿ ಒಂದು ಟ್ರಂಕು, ಒಂದು ಬಟ್ಟೆಗಂಟು. ಗಂಟಿನಲ್ಲಿ ಅವಲಕ್ಕಿ, ಬಾಳೆಹಣ್ಣು, ಅಚ್ಚುಬೆಲ್ಲ. ಮಂಗಳೂರಿನಲ್ಲಿ ರೈಲು ಹತ್ತಿದೆವು.

ಹೋಟೆಲು ನೀರಿನ ಅಂಚಿನಲ್ಲೇ ಇತ್ತು. ನಮಗೆ ಎರಡು ಕೋಣೆ, ನಡುವೆ ಒಂದು ಬಾಗಿಲು. ಹಾಸಿಗೆಯ ಮೇಲೆ ಕೂತರೆ ಒಳಕ್ಕೆ ಹೋಗುತ್ತಿತ್ತು. ಅತ್ತೆ ಕೂತವರೇ "ಅಯ್ಯೋ ಮಗಾ, ಹಿಡಿ" ಎಂದು ನನ್ನ ಕೈ ಹಿಡಿದುಕೊಂಡರು. ತಿರುಗಿಸಿದರೆ ನೀರು ಬರುವ ನಲ್ಲಿ, ಒತ್ತಿದರೆ ಆಳು ಬರುವ ಗಂಟೆ. ಇಷ್ಟೆಲ್ಲ ಇದ್ದೂ ಆ ಗಂಡಹೆಂಡಿರಿಗೆ ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯಲಿಲ್ಲ. ಅದು ಅವರ ಮನೆಯೂ ಅಲ್ಲ, ಇವರ ಮನೆಯೂ ಅಲ್ಲ.

ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಹೋಟೆಲಿನ ಊಟ ಶುರುವಾಗುವುದೇ ದೀಪ ಹಚ್ಚಿದ ಮೇಲೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಸೂರ್ಯ, ಹೊಟ್ಟೆ, ಧರ್ಮ ಎಂದು ಮ್ಯಾನೇಜರಿಗೆ ವಿವರಿಸಿದೆ. ಆತನಿಗೆ ಏನು ಅರ್ಥವಾಯಿತೋ, ಸಂಜೆಯ ಬಿಸಿಲಿರುವಾಗಲೇ ನಮಗೆಂದು ಮೇಜು ಹಾಕಿಸಿದ. ಬಡಿಸುವವನು ಕುರ್ಚಿ ಎಳೆದು ಅತ್ತೆಯನ್ನು ಮಾವನ ಎದುರು ಕೂರಿಸಿ, ಮೊದಲು ಅವರಿಗೇ ಅನ್ನ ಬಡಿಸಿದ. ಅತ್ತೆ ತಟಕ್ಕನೆ ಎದ್ದು ನಿಂತರು. ಬಡಿಸುವವನು ಎರಡು ಹೆಜ್ಜೆ ಹಿಂದೆ ಸರಿದ. ಗಂಡನ ಎಲೆ ಎತ್ತಿದ ಮೇಲೆ ಒಳಗೆ ಉಣ್ಣುತ್ತಿದ್ದ ಹೆಂಗಸು ಅವರು.

"ಕೂತುಕೊ" ಎಂದರು ಮಾವ ತಗ್ಗಿದ ದನಿಯಲ್ಲಿ. "ಇಲ್ಲಿ ನಾವಿಬ್ಬರೂ ನೆಂಟರೇ ಅಲ್ವಾ?"

ಅತ್ತೆ ಕೂತರು. ಅನ್ನ ಕಲಸಿದರೇ ಹೊರತು ಸರಿಯಾಗಿ ಉಣ್ಣಲಿಲ್ಲ.

ಮರುದಿನ ಮಾವ ಹಡಗು ನೋಡಲು ಒಬ್ಬರೇ ಹೋಗಿ ಬಂದರು. ಅವರು ಬಾಗಿಲಲ್ಲಿ ಕಾಣುತ್ತಲೇ ಅತ್ತೆ ಗಂಟು ಬಿಚ್ಚಿ ಬೆಲ್ಲ ಮುರಿದರು, ಲೋಟಕ್ಕೆ ನೀರು ತುಂಬಿದರು, ಎರಡನ್ನೂ ಹಿಡಿದು ಕೋಣೆಯ ನಡುವೆ ನಿಂತುಬಿಟ್ಟರು. ಮುಂದೆ ಬರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಕಾದರು.

"ಬೆಲ್ಲ ಇಲ್ವಾ?"

"ಉಂಟು. ಕೊಡುವುದೋ ಬೇಡವೋ ಅಂತ ಗೊತ್ತಾಗುವುದಿಲ್ಲ" ಎಂದರು ಅತ್ತೆ. "ನಿನ್ನೆಯಿಂದ ನೀವು ಇಲ್ಲಿಯೇ ಇದ್ದೀರಲ್ಲ. ಇಲ್ಲಿ ಇರುವವರಿಗೆ ಯಾರಾದರೂ ಬೆಲ್ಲ-ನೀರು ಕೊಡ್ತಾರಾ?"

ನನಗೆ ನಗು ಬಂತು. ಆದರೆ ಅವರಿಬ್ಬರೂ ನಗಲಿಲ್ಲ. ಮಾವ ಎದ್ದು ಹೂಜಿಯಿಂದ ತಾವೇ ನೀರು ಬಗ್ಗಿಸಿಕೊಂಡು ಕುಡಿದರು. ಅತ್ತೆ ಬೆಲ್ಲದ ತುಂಡನ್ನು ನನ್ನ ಕೈಗೆ ಹಾಕಿದರು. ಆಮೇಲೆ ಆ ಗಂಟು ಬಿಚ್ಚಲೇ ಇಲ್ಲ. ಮಾವನ ಬನಿಯನ್ನು ಒಗೆದು ಕಿಟಕಿಯ ಸರಳಿಗೆ ಹಾಕಿದರು, ಮ್ಯಾನೇಜರ್ ಬೇಡವೆಂದರೂ ಮತ್ತೆ ಹಾಕಿದರು. ಮಾವ ಅವರಿಗೆ ಹಡಗುಗಳನ್ನು ತೋರಿಸಿ ಇದು ಎಲ್ಲಿಯದು, ಅದು ಎಲ್ಲಿಯದು ಎಂದು ಬಾಯಿಗೆ ಬಂದ ದೇಶ ಹೇಳುತ್ತಿದ್ದರು. ಅತ್ತೆ ಎಲ್ಲವನ್ನೂ ನಂಬುತ್ತಿದ್ದರು. ಅಷ್ಟು ಮಾತಾಡುವ ಮಾವನನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಹೊರಡುವ ಹಿಂದಿನ ದಿನ ನೀರಿನ ಕಟ್ಟೆಯ ಮೇಲೆ ಕೂತಾಗ ಅತ್ತೆ ನನ್ನನ್ನು ಕೇಳಿದರು, "ಮಗಾ, ಅವರು ನನ್ನಲ್ಲಿಯೇ ಇದ್ದರೆ ನಿಮ್ಮಲ್ಲಿ ಕಷ್ಟ ಆಗ್ತದಾ?"

ಗದ್ದೆಯ ಬೇಸಾಯ, ನಮ್ಮಣ್ಣನ ಕಾಲೇಜು, ನನ್ನ ಮದುವೆಯ ಮಾತು, ಎಲ್ಲ ಮಾವನ ಹೆಗಲ ಮೇಲಿತ್ತು. ನಮ್ಮಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಕಷ್ಟ ಆಗ್ತದೆ ಎಂದರೆ ಈ ಹೆಂಗಸು ಮತ್ತೆ ಆ ದೊಡ್ಡ ಮನೆಯಲ್ಲಿ ಒಬ್ಬರೇ. ಇಲ್ಲ ಎಂದರೆ ನನ್ನ ಅಮ್ಮನಿಗೆ ನಾನೇ ದ್ರೋಹ ಮಾಡಿದ ಹಾಗೆ. ಮ್ಯಾನೇಜರಿಗೆ ಸೂರ್ಯನನ್ನು ವಿವರಿಸಿದ ನನಗೆ ಇಲ್ಲಿ ಕನ್ನಡವೂ ಬರಲಿಲ್ಲ.

"ಗೊತ್ತಿಲ್ಲ ಅತ್ತೆ" ಎಂದೆ.

"ನನಗೂ ಗೊತ್ತಿಲ್ಲ" ಎಂದು ಅವರು ನನ್ನ ಜಡೆ ಸರಿಮಾಡಿದರು.

ವಾಪಸು ಬಿ.ಸಿ.ರೋಡಿನಲ್ಲಿ ಇಳಿದಾಗ ಬೆಳ್ತಂಗಡಿಯ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು, ನಮ್ಮದಿನ್ನೂ ಬಂದಿರಲಿಲ್ಲ. ಮಾವ ಅತ್ತೆಯ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದರು. ಅತ್ತೆ ಕಿಟಕಿಯಲ್ಲಿ ಕೂತು "ಬರ್ತೇನೆ" ಎಂದರು. ಅದಕ್ಕೆ ಮಾವ "ಶನಿವಾರ ಬರ್ತೇನೆ" ಎನ್ನಬೇಕಿತ್ತು. ಅನ್ನಲಿಲ್ಲ. ಬಸ್ಸು ಹೋದ ಮೇಲೆ ರಸ್ತೆಯ ನಡುವೆ ಹಾಗೇ ನಿಂತಿದ್ದರು. ಕಂಡಕ್ಟರ್ ಒಬ್ಬ "ಎಲ್ಲಿಗೆ ಮಾರಾಯ್ರೆ?" ಎಂದು ಕೇಳಿದ. ಮಾವ ನನ್ನ ಮುಖ ನೋಡಿದರು.

ಶನಿವಾರ ಎಂದಿನಂತೆ ಹೋದರು. ಅಲ್ಲಿ ನಡೆದದ್ದನ್ನು ಅತ್ತೆಯೇ ನನಗೆ ಮುಂದೊಮ್ಮೆ ಹೇಳಿದರು. ಮಾವ ಜಗಲಿಯಲ್ಲಿ ಕೂತು ಕಾದರಂತೆ. ಅತ್ತೆ ಅಡುಗೆಮನೆಯಲ್ಲಿ ತಂಬಿಗೆಯ ಎದುರು ನಿಂತೇ ಇದ್ದರಂತೆ, ಹೊರಗೆ ಬರಲಿಲ್ಲ. ಕೊನೆಗೆ ಮಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಒಳಗೆ ಬಂದು, ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದರಂತೆ. ಸೋಮವಾರ ಅವರು ನಮ್ಮ ಅಂಗಳಕ್ಕೆ ಬರಲಿಲ್ಲ.

ನಮ್ಮ ಮನೆ ಹೇಗೋ ನಡೆಯಿತು. ಅಣ್ಣ ಕಾಲೇಜು ಬಿಟ್ಟು ಬೇಸಾಯಕ್ಕೆ ಇಳಿದ. ಅಮ್ಮ ಅತ್ತೆಯನ್ನು ಬೈಯುವಳು, ಬೈದು ಮುಗಿದ ಮೇಲೆ "ಪಾಪ, ಅವಳಾದರೂ ಏನು ಮಾಡಿಯಾಳು" ಎನ್ನುವಳು. ನಾನು ಎರಡಕ್ಕೂ ಹೂಂ ಎನ್ನುತ್ತಿದ್ದೆ, ಎರಡೂ ನಿಜವೆಂದೇ ನನಗೆ ಅನಿಸುತ್ತಿತ್ತು.

ದೀಪಾವಳಿಗೆ ಮಾವ ಬಂದರು. ಅವರು ಗೇಟು ದಾಟುವುದನ್ನು ಕಂಡದ್ದೇ ಅಮ್ಮ ಸಡಗರದಿಂದ ಒಳಗೆ ಓಡಿದಳು. ಹೊರಗೆ ಬರುವಾಗ ಅವಳ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ತನ್ನ ಅಣ್ಣನ ಮುಂದೆ ಇಟ್ಟ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ಹೊಳೆದದ್ದು. ಕೈ ಚಾಚಿದಳು, ಆದರೆ ತಂಬಿಗೆಯನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ, ಕುಡಿ ಎನ್ನಲೂ ಇಲ್ಲ.

ಮಾವ ತಾವು ಹುಟ್ಟಿದ ಮನೆಯ ಜಗಲಿಯಲ್ಲಿ ಕೂತು ತಟ್ಟೆಯನ್ನು ನೋಡಿದರು. ಆಮೇಲೆ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, "ಮಳೆ ಹೇಗುಂಟು?" ಎಂದು ಅಮ್ಮನನ್ನು ಕೇಳಿದರು.